ಆರು ಹುಡುಗರು, ನಾಲ್ಕು ಕೋರ್ಸ್, ಒಂದು ರೈಸ್ ಮಿಲ್ ಕಣ

ನವೆಂಬರ್ ಮೂರನೇ ವಾರ. ಸಿಂಧನೂರಿನ ಸುತ್ತ ಭತ್ತದ ಕೊಯ್ಲು ಜೋರಾಗಿತ್ತು. ಬೆಳಿಗ್ಗೆ ನಾನು ಗ್ಯಾರೇಜಿನ ಶಟರ್ ಎತ್ತುವ ಹೊತ್ತಿಗೆ ಒಂದು ಟಾಟಾ ಏಸ್ ಬಂದು ನಿಂತಿತ್ತು. ಹಿಂದೆ 2016ರ ಸ್ಪ್ಲೆಂಡರ್ ಒಂದನ್ನು ಮಲಗಿಸಿಕೊಂಡು ತಂದಿದ್ದರು. ಹ್ಯಾಂಡಲ್ ಒಂದು ಕಡೆ, ಚಕ್ರ ಒಂದು ಕಡೆ. ಹೆಡ್‌ಲೈಟ್ ಒಡೆದ ಜಾಗದಲ್ಲಿ ಭತ್ತದ ಕಾಳು ಸಿಕ್ಕಿಕೊಂಡಿದ್ದವು.

ಬೈಕ್ ಓಡಿಸುತ್ತಿದ್ದ ಹುಡುಗನಿಗೆ 23 ವರ್ಷ. ಊರಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ. ಕ್ಯಾಂಪ್‌ಗಳಿಗೆ, ಅಂದರೆ ಸುತ್ತಲಿನ ರೈತರ ಸಣ್ಣ ಊರುಗಳಿಗೆ, ಹೋಗಬೇಕು, ರೈತರ ಬೆಳೆ ನೋಡಬೇಕು, ಆರ್ಡರ್ ಬರೆದುಕೊಳ್ಳಬೇಕು, ಬಾಕಿ ವಸೂಲಿ ಮಾಡಿಕೊಂಡು ಬರಬೇಕು. ದಿನಕ್ಕೆ 70-80 ಕಿಲೋಮೀಟರ್ ಓಡಾಟ. ಹಿಂದಿನ ದಿನ ಸಂಜೆ ಆರೂವರೆಗೆ ಕಾರಟಗಿ ಕಡೆಯಿಂದ ವಾಪಸ್ ಬರುತ್ತಿದ್ದ. ಆಗಲೇ ಕತ್ತಲಾಗಿತ್ತು. ರಸ್ತೆಯಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರ್ ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಕಂಡ ಕೂಡಲೇ ಹಿಂದಿನ ಬ್ರೇಕ್ ತುಳಿದಿದ್ದಾನೆ. ರಸ್ತೆ ಅಂಚಿಗೆ ಒಣಹಾಕಿದ್ದ ಭತ್ತದ ಮೇಲೆ ಚಕ್ರ ಜಾರಿ, ಬೈಕ್ ಅಡ್ಡ ಬಿದ್ದು, ಟ್ರೇಲರ್ ಕೆಳಗೆ ಹೋಗಿ ನಿಂತಿದೆ. ಹುಡುಗ ಪಕ್ಕಕ್ಕೆ ಬಿದ್ದ. ಕಾಲರ್ ಬೋನ್ ಮುರಿಯಿತು. ಹೆಲ್ಮೆಟ್ಟಿನ ಎಡಗಡೆ ಅಂಗೈ ಅಗಲ ಕೆರೆದುಹೋಗಿತ್ತು. ಆ ಕೆರೆತ ಅವನ ಕೆನ್ನೆ ಮೇಲೆ ಆಗಬೇಕಿತ್ತು, ಅಷ್ಟೇ.

ಬೈಕ್ ಬಿಚ್ಚಿದೆ. ಹಿಂದಿನ ಬ್ರೇಕ್ ಶೂ, ಅಂದರೆ ಚಕ್ರದ ಡ್ರಮ್ಮಿನ ಒಳಗೆ ಒತ್ತಿ ಗಾಡಿ ನಿಲ್ಲಿಸುವ ತುಂಡು, ಸವೆದು ಲೋಹ ಮುಟ್ಟೋಕೆ ಬಂದಿತ್ತು. ಮುಂದಿನ ಡ್ರಮ್ ತೆಗೆದರೆ ಶೂ ಮೇಲಿನ ಲೈನರ್ ಹೆಚ್ಚುಕಡಿಮೆ ಹೊಸದರಷ್ಟೇ ದಪ್ಪ. ಮೇಲೆ ಗಾಜಿನ ಹಾಗೆ ಹೊಳಪು ಕಟ್ಟಿತ್ತು. ಕೇಬಲ್ ಒಣಗಿ, ಲಿವರ್ ಎಳೆದರೆ ಅರ್ಧಕ್ಕೆ ಬಿಗಿಯುತ್ತಿತ್ತು. ಹಳೇ ಬಿಲ್ ಬುಕ್ ತೆಗೆದು ನೋಡಿದೆ. ಆ ಬೈಕಿಗೆ ಹಿಂದಿನ ಶೂ ನಾನೇ ಮೂರು ಸಲ ಬದಲಾಯಿಸಿದ್ದೆ. ಮುಂದಿನದು ಒಂದು ಸಲವೂ ಇಲ್ಲ.

ಇದು ಆ ಹುಡುಗನೊಬ್ಬನ ಕಥೆಯಲ್ಲ. ನನ್ನ ಗ್ಯಾರೇಜಿಗೆ ಬರುವ ಹತ್ತು ಬೈಕಿನಲ್ಲಿ ಏಳೆಂಟು ಹೀಗೇ ಇರುತ್ತವೆ. "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡಿತೀಯ" ಅಂತ ಅಪ್ಪ ಮಗನಿಗೆ ಹೇಳಿರುತ್ತಾನೆ, ಅಣ್ಣ ತಮ್ಮನಿಗೆ ಹೇಳಿರುತ್ತಾನೆ. ನನಗೂ ನಮ್ಮಪ್ಪ ಹೇಳಿದ್ದು ಅದನ್ನೇ. ಆದರೆ ಬೈಕ್ ನಿಲ್ಲಿಸುವ ಶಕ್ತಿ ಜಾಸ್ತಿ ಇರೋದು ಮುಂದಿನ ಚಕ್ರದಲ್ಲಿ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ತುಳಿದು ಹಿಡಿದರೆ ಅದು ಜಾರುತ್ತದೆಯೇ ಹೊರತು ನಿಲ್ಲುವುದಿಲ್ಲ. ಅರ್ಧ ಬ್ರೇಕಿನಲ್ಲಿ ಇಡೀ ಜೀವನ ಓಡಿಸುತ್ತಿದ್ದೇವೆ, ಯೋಚನೆ ಮಾಡಿ.

ಎರಡು ದಿನ ಬಿಟ್ಟು ಅಂಗಡಿ ಮಾಲೀಕರು ಬಂದರು. ಅವರ ಹತ್ತಿರ ಇವನಲ್ಲದೆ ಇಂಥ ಇನ್ನೂ ಆರು ಹುಡುಗರಿದ್ದಾರೆ. ಆಸ್ಪತ್ರೆಯಿಂದ ನೇರ ಬಂದಿದ್ದರು. ಒಗ್ಗಾಣಿ ಮಿರ್ಚಿ ತರಿಸಿದೆ, ಮುಟ್ಟಲಿಲ್ಲ. "ಇವರಿಗೆಲ್ಲ ಸರಿಯಾಗಿ ಗಾಡಿ ಓಡಿಸೋದು ಕಲಿಸೋ ಕೋರ್ಸ್ ಎಲ್ಲಿದೆ ಹೇಳು. 20,000 ರೂಪಾಯಿ ತೆಗೆದಿಟ್ಟಿದ್ದೀನಿ. ಇನ್ನೊಬ್ಬ ಹುಡುಗನ ತಾಯಿಗೆ ನಾನು ಫೋನ್ ಮಾಡೋ ಹಾಗೆ ಆಗಬಾರದು" ಅಂದರು. ಎಲ್ಲರಿಗೂ ಲೈಸೆನ್ಸ್ ಇತ್ತು. ಎಲ್ಲರೂ ಎಂಟು ಹಾಕಿ ಪಾಸಾದವರೇ. ಆದರೆ ಎಂಟು ಹಾಕೋದು ಕಾಲು ಊರದೆ ನಿಧಾನಕ್ಕೆ ತಿರುಗಿಸುವ ಪರೀಕ್ಷೆ. ಕತ್ತಲಲ್ಲಿ ಟ್ರೇಲರ್ ಎದುರಾದಾಗ ಏನು ಮಾಡಬೇಕು ಅಂತ ಅದು ಹೇಳಿಕೊಡುವುದಿಲ್ಲ.

ಹದಿನೈದು ದಿನ ಟೈಮ್ ಕೇಳಿದೆ. ಫೋನ್ ಮಾಡಿದೆ, ಓದಿದೆ, ಕೆಲವನ್ನು ಹೋಗಿ ನೋಡಿಯೂ ಬಂದೆ.

ಮೊದಲು ಡ್ರೈವಿಂಗ್ ಸ್ಕೂಲ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 31ನೇ ನಿಯಮ ಅಂತ ಒಂದಿದೆ. ಸ್ವಂತ ಬಳಕೆಯ ವಾಹನ ಕಲಿಸಲು ಕನಿಷ್ಠ 21 ದಿನದ ತರಬೇತಿ ಇರಬೇಕು, ಅದರಲ್ಲಿ ಕನಿಷ್ಠ 10 ಗಂಟೆ ಗಾಡಿ ಓಡಿಸಿರಬೇಕು ಅನ್ನುತ್ತದೆ ಅದು. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಉದ್ದದ ಕೋರ್ಸ್. ಎರಡು ಸ್ಕೂಲಿನಲ್ಲಿ ವಿಚಾರಿಸಿದೆ. ಇಬ್ಬರೂ ಕಾರು ಕಲಿಸುತ್ತಾರೆ. ಬೈಕಿನ ಮಾತೆತ್ತಿದಾಗ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ: "ಬೈಕ್ ಕಲಿಯೋಕೆ ನಮ್ಮ ಹತ್ರ ಯಾರೂ ಬರಲ್ಲ ಸರ್. ಎಲ್ಲರೂ ಕಲಿತೇ ಬರ್ತಾರೆ." ಅವರು ಹೇಳಿದ್ದು ನಿಜ. ನಮ್ಮಲ್ಲಿ ಬೈಕ್ ಅಂದರೆ ಕಲಿಯುವ ವಿದ್ಯೆ ಅಂತ ಯಾರೂ ಅಂದುಕೊಂಡೇ ಇಲ್ಲ. ಬಿದ್ದು ಎದ್ದು ತಾನಾಗಿ ಬರುವಂಥದ್ದು ಅಂತಲೇ ಎಲ್ಲರ ಲೆಕ್ಕ.

ಎರಡನೆಯದು ಬೈಕ್ ಕಂಪನಿಯವರು ಕಾಲೇಜುಗಳಲ್ಲಿ ನಡೆಸುವ ಅರ್ಧ ದಿನದ ಸುರಕ್ಷತಾ ಕ್ಲಾಸ್. ಖರ್ಚಿಲ್ಲ. ಅಂಥದ್ದೊಂದನ್ನು ಪೂರ್ತಿ ಕೂತು ನೋಡಿದೆ. ಹೆಲ್ಮೆಟ್ ಹೇಗೆ ಆರಿಸಬೇಕು, ಪಟ್ಟಿ ಹೇಗೆ ಬಿಗಿಯಬೇಕು, ಕನ್ನಡಿ ಎಲ್ಲಿಗೆ ತಿರುಗಿಸಬೇಕು, ರಸ್ತೆ ಚಿಹ್ನೆಗಳು ಏನು ಹೇಳುತ್ತವೆ, ಎಲ್ಲವನ್ನೂ ಚೆನ್ನಾಗಿ ಹೇಳಿದರು. ಕಲಿಸಿದ ಹೆಣ್ಣುಮಗಳು ಬಹಳ ಚುರುಕು. ಆದರೆ ಮೈದಾನದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು, ಎರಡು ಬೈಕು. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಹದಿನೆಂಟರ ಹುಡುಗರಿಗೆ ಇದು ಒಳ್ಳೆಯ ಆರಂಭ. ಐದು ವರ್ಷದಿಂದ ತಪ್ಪು ಬ್ರೇಕ್ ತುಳಿದು ಅಭ್ಯಾಸವಾದ ಕಾಲಿಗೆ ಎರಡು ನಿಮಿಷ ಸಾಲದು.

ಮೂರನೆಯದು ದೊಡ್ಡ ಊರಿನ ಶಾಲೆಗಳು. ಇದರಲ್ಲೂ ಎರಡು ಥರ. ಒಂದು ರೇಸ್ ಟ್ರ್ಯಾಕಿನ ಮೇಲೆ ನಡೆಯುವಂಥದ್ದು. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಅಂತ 1980ರಲ್ಲಿ ಕೀತ್ ಕೋಡ್ ಅಮೆರಿಕದಲ್ಲಿ ಶುರು ಮಾಡಿದ ಶಾಲೆ. ಅವರ ತರಬೇತಿ ನಮ್ಮ ದೇಶದಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ನಡೆದಿದೆ. ವೇಗದಲ್ಲಿ ತಿರುವು ತೆಗೆದುಕೊಳ್ಳುವುದನ್ನು ಅವರಷ್ಟು ಬಿಡಿಸಿ ಹೇಳುವವರು ಕಡಿಮೆ. ಆದರೆ ನಮ್ಮ ಬಯಲಿನಲ್ಲಿ ತಿರುವುಗಳೇ ಕಡಿಮೆ. ನಮ್ಮ ಹುಡುಗರು ಬೀಳುವುದು ನೇರ ರಸ್ತೆಯಲ್ಲಿ. ಇನ್ನೊಂದು ಥರ ಮಣ್ಣಿನ ಮೇಲೆ ಕಲಿಸುವ ಶಾಲೆ. 2015ರಲ್ಲಿ, ದಿನಗಟ್ಟಲೆ ನಡೆಯುವ ಕಠಿಣ ಓಟವಾದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದಾರೆ. ನನಗೆ ಇದು ಬಹಳ ಹಿಡಿಸಿತು. ಸಡಿಲ ನೆಲದ ಮೇಲೆ ಚಕ್ರ ಜಾರಿದರೂ ಗಾಬರಿಯಾಗದೆ ಇರುವುದು, ಕಣ್ಣು ದೂರ ಇಡುವುದು, ಇವೆಲ್ಲ ನಮ್ಮ ಎರೆ ಮಣ್ಣಿನ ಕೆಸರಿಗೆ ನೇರವಾಗಿ ಉಪಯೋಗ. ನಾಟಿ ಟೈಮಿನಲ್ಲಿ ಕೆಸರಿಗೆಂದು ಕಬ್ಬಿಣದ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ಗದ್ದೆಯಿಂದ ಡಾಂಬರಿಗೆ ಬಂದರೆ ಹಿಂದೆ ಬಿಟ್ಟುಹೋಗುವ ಕೆಸರಿನ ಮೇಲೆ ಒಮ್ಮೆ ಓಡಿಸಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಆದರೆ ಸಿಂಧನೂರಿನಿಂದ ಬೆಂಗಳೂರೇ ಸುಮಾರು 400 ಕಿಲೋಮೀಟರ್. ಆರು ಜನರ ಪ್ರಯಾಣ, ಊಟ, ವಸತಿ, ಫೀಸು, ಎರಡು ಮೂರು ದಿನದ ರಜೆ. 20,000 ಯಾವ ಮೂಲೆಗೂ ಸಾಲುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಮಣ್ಣಿನ ಶಾಲೆಯಲ್ಲಿ ಓಡಿಸುವುದು ಮಣ್ಣಿಗೆಂದೇ ಮಾಡಿದ ಬೈಕು. ಟೈರ್ ಬೇರೆ, ಬ್ರೇಕ್ ಬೇರೆ. ವಾಪಸ್ ಬಂದ ಮೇಲೆ ಹುಡುಗ ಹತ್ತುವುದು ಅದೇ ಸ್ಪ್ಲೆಂಡರನ್ನೇ ಅಲ್ವಾ?

ಈ ಬ್ರೇಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದರೆ ಕೋರ್ಸ್ ಹೋಲಿಸುವಾಗ ಇದನ್ನು ಯಾರೂ ಕೇಳುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ. 125 ಮತ್ತು ಅದಕ್ಕಿಂತ ಚಿಕ್ಕವಕ್ಕೆ ಆ ನಿಯಮದಲ್ಲಿ ಕಾಂಬಿ ಬ್ರೇಕ್ ಇದ್ದರೆ ಸಾಕಿತ್ತು. ಕಾಂಬಿ ಬ್ರೇಕ್ ಅಂದರೆ ಹಿಂದಿನದನ್ನು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ಅಂದರೆ ಚಕ್ರ ಪೂರ್ತಿ ಕಚ್ಚಿ ನಿಲ್ಲದಂತೆ ಅದೇ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆರು ಹುಡುಗರ ಬೈಕು ನೋಡಿದೆ. ಎರಡು ಹಳೇವು, ಯಾವುದೂ ಇಲ್ಲ. ಮೂರು ಕಾಂಬಿ ಬ್ರೇಕಿನವು. ಒಂದು ಪಲ್ಸರ್, ಅದಕ್ಕೆ ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್. ಆರು ಬೈಕು, ಮೂರು ಥರದ ಬ್ರೇಕ್. ಎಬಿಎಸ್ ಬೈಕಿನಲ್ಲಿ ಗಟ್ಟಿಯಾಗಿ ಹಿಡಿಯೋದು ಕಲಿತುಬಂದು ಹಳೇ ಸ್ಪ್ಲೆಂಡರಿನಲ್ಲಿ ಹಾಗೇ ಹಿಡಿದರೆ ಮುಂದಿನ ಚಕ್ರ ಕಚ್ಚಿ ಬೀಳುತ್ತಾನೆ. ಹಾಗಾಗಿ ಕಲಿಯುವುದು ತನ್ನ ಬೈಕಿನ ಮೇಲೆಯೇ ಆಗಬೇಕು.

ಹೊರದೇಶದಲ್ಲಿ ಹೇಗೆ ಕಲಿಸುತ್ತಾರೆ ಅಂತಲೂ ಓದಿದೆ. ನಕಲು ಮಾಡೋಕೆ ಅಲ್ಲ, ಅಳತೆಗೋಲು ಬೇಕಿತ್ತು. ಬ್ರಿಟನ್‌ನಲ್ಲಿ 1990ರಿಂದ ಕಡ್ಡಾಯ ಮೂಲ ತರಬೇತಿ ಇದೆ. ಅದು ಮುಗಿಸದೆ ಕಲಿಯುವವನು ಒಬ್ಬನೇ ರಸ್ತೆಗೆ ಇಳಿಯುವ ಹಾಗಿಲ್ಲ. ಮೊದಲು ಮೈದಾನ, ಆಮೇಲೆ ರಸ್ತೆ ಮೇಲೆ ಕನಿಷ್ಠ ಎರಡು ಗಂಟೆ. ರಸ್ತೆಯಲ್ಲಿ ಒಬ್ಬ ಶಿಕ್ಷಕರ ಜೊತೆ ಇಬ್ಬರೇ ಕಲಿಯುವವರು. ನನಗೆ ಬೇಕಾದ ಅಳತೆ ಇಲ್ಲಿ ಸಿಕ್ಕಿತು: ಒಬ್ಬ ಗುರುವಿಗೆ ಎಷ್ಟು ಜನ?

ಇನ್ನೊಂದು ಓದು ನನ್ನನ್ನು ಹಿಡಿದು ಅಲ್ಲಾಡಿಸಿತು. 1981ರಲ್ಲಿ ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅನ್ನುವವರ ತಂಡ ಒಂದು ವರದಿ ಕೊಟ್ಟಿತು. ಲಾಸ್ ಏಂಜಲೀಸ್ ಸುತ್ತ ನಡೆದ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ನೋಡಿ ಬರೆದದ್ದು. ಬಿದ್ದ ಸವಾರರಲ್ಲಿ ನೂರಕ್ಕೆ 92 ಜನ ಯಾವ ತರಬೇತಿಯೂ ಇಲ್ಲದೆ ತಾವೇ ಕಲಿತವರು, ಇಲ್ಲ ಮನೆಯವರು ಗೆಳೆಯರಿಂದ ಕಲಿತವರು. ಅಪಾಯ ಕಂಡಾಗ ಅವರಲ್ಲಿ ಹೆಚ್ಚಿನವರು ಮಾಡಿದ್ದೇನು ಗೊತ್ತಾ? ಹಿಂದಿನ ಬ್ರೇಕ್ ಜಾಸ್ತಿ ತುಳಿದು ಚಕ್ರ ಜಾರಿಸಿದರು, ಮುಂದಿನದನ್ನು ಕಡಿಮೆ ಹಿಡಿದರು. ಅಪಾಯ ಕಂಡು ಡಿಕ್ಕಿಯಾಗುವವರೆಗೆ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಓದುತ್ತಾ ನನ್ನ ಮುಂದೆ ಬೆಂಚಿನ ಮೇಲೆ ಬಿದ್ದಿದ್ದ ಆ ಎರಡು ಶೂಗಳನ್ನೇ ನೋಡುತ್ತಿದ್ದೆ. ನಲವತ್ತು ವರ್ಷದ ಹಿಂದೆ, ಭೂಮಿಯ ಇನ್ನೊಂದು ಮೂಲೆಯಲ್ಲಿ ಬರೆದದ್ದು. ನಮ್ಮ ಹುಡುಗನದ್ದೇ ಕಥೆ.

ಎರಡು ಸೆಕೆಂಡಿನಲ್ಲಿ ಯಾರೂ ಯೋಚನೆ ಮಾಡಿ ಬ್ರೇಕ್ ಹಾಕಲಾರರು. ಕೈ ತಾನಾಗಿ ಮಾಡಬೇಕು. ತಾನಾಗಿ ಮಾಡಬೇಕಾದರೆ ಮಾಡಿ ಮಾಡಿ ರೂಢಿಯಾಗಿರಬೇಕು. ಅಲ್ಲಿಂದ ನಾನು ಪ್ರತಿ ಕೋರ್ಸಿಗೂ ಮೊದಲು ಕೇಳುವ ಪ್ರಶ್ನೆ ಒಂದೇ ಆಯಿತು: ಕಲಿಯುವವನು ತನ್ನ ಸ್ವಂತ ಬೈಕಿನಲ್ಲಿ ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿ ನಿಲ್ಲಿಸುತ್ತಾನೆ? ಸರ್ಟಿಫಿಕೇಟ್ ಯಾರ ಸಹಿಯದ್ದು, ಟೀ ಶರ್ಟ್ ಕೊಡ್ತಾರಾ, ಎಷ್ಟು ಸ್ಲೈಡು ತೋರಿಸ್ತಾರೆ ಅನ್ನೋದೆಲ್ಲ ಆಮೇಲೆ. ನಾನು ನೋಡಿದ ಅರ್ಧ ದಿನದ ಕ್ಲಾಸಿನಲ್ಲಿ ಉತ್ತರ ಒಂದೋ ಎರಡೋ. ವಿಚಾರಿಸಿದ ಡ್ರೈವಿಂಗ್ ಸ್ಕೂಲುಗಳಲ್ಲಿ ಸೊನ್ನೆ. ದೊಡ್ಡ ಶಾಲೆಗಳಲ್ಲಿ ಹತ್ತಾರು, ಆದರೆ ಬೇರೆ ಬೈಕಿನಲ್ಲಿ, ಬೇರೆ ನೆಲದಲ್ಲಿ.

ಹಾಗಾಗಿ ನಾಲ್ಕನೇ ಕೋರ್ಸ್ ನಾವೇ ಮಾಡಿಕೊಂಡೆವು. ಇದನ್ನು ಬರೆಯುವಾಗ ನನಗೆ ಅಳುಕಿದೆ. ಯಾರೋ ಓದಿ ಮೈದಾನಕ್ಕೆ ಹೋಗಿ ಸುಮ್ನೆ ಬ್ರೇಕ್ ಹಿಡಿದು ಬೀಳಬಾರದು. ನಮಗೆ ಒಬ್ಬ ಸರಿಯಾದ ಗುರು ಸಿಕ್ಕಿದ್ದರು. ಸೈನ್ಯದಲ್ಲಿ ಬೈಕ್ ಮೇಲೆ ಟಪಾಲು ತಲುಪಿಸುವ ಕೆಲಸ ಮಾಡಿ, ಆಮೇಲೆ ಅದನ್ನೇ ಹೊಸಬರಿಗೆ ಕಲಿಸಿ ನಿವೃತ್ತರಾದವರು. ಮಾನ್ವಿ ಕಡೆಯವರು. ಎರಡು ಭಾನುವಾರಕ್ಕೆ ಒಪ್ಪಿದರು. ಜಾಗ ಒಂದು ರೈಸ್ ಮಿಲ್ಲಿನ ಭತ್ತ ಒಣಗಿಸುವ ಸಿಮೆಂಟ್ ಕಣ. ಉದ್ದ ಸುಮಾರು 80 ಮೀಟರ್. ಡಿಸೆಂಬರ್ ಕೊನೆಗೆ ಖಾಲಿ ಇತ್ತು.

ಮಾಲೀಕರ ದುಡ್ಡಿನಲ್ಲಿ ಮೊದಲು ಆರು ಬೈಕನ್ನೂ ರೆಡಿ ಮಾಡಿದೆ. ಮುಂದಿನ ಕೇಬಲ್ ಹೊಸದು, ಶೂ ಉಜ್ಜಿ ಹೊಳಪು ತೆಗೆದದ್ದು, ಟೈರ್ ಸವೆದಿದ್ದರೆ ಬದಲು. ಬ್ರೇಕೇ ಸರಿ ಇಲ್ಲದ ಬೈಕಿನಲ್ಲಿ ಬ್ರೇಕ್ ಕಲಿಸೋದು ಹೇಗೆ? ಐಎಸ್ಐ ಗುರುತಿನ, ಐಎಸ್ 4151 ಅಂತ ಬರೆದ ಹೆಲ್ಮೆಟ್ ಎಲ್ಲರಿಗೂ ಬಂತು. ಕೈಗವಸು, ಗಟ್ಟಿ ಬೂಟು, ದಪ್ಪ ಅಂಗಿ ಇಲ್ಲದೆ ಕಣಕ್ಕೆ ಬಿಡುವುದಿಲ್ಲ ಅಂತ ಗುರುಗಳು ಮೊದಲೇ ಹೇಳಿದ್ದರು.

ಮೊದಲ ಭಾನುವಾರ ಬೆಳಿಗ್ಗೆ ಆರೂವರೆ. ಸುಣ್ಣದಲ್ಲಿ ಒಂದು ಗೆರೆ ಹಾಕಿದೆವು. ಗೆರೆಗೆ ಬಂದಾಗ ವೇಗ ಗಂಟೆಗೆ 40 ಇರಬೇಕು, ಅಲ್ಲಿಂದ ಬ್ರೇಕ್. ಎಲ್ಲಿ ನಿಂತರೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು. ಮೊದಲು ನಿಮ್ಮ ರೂಢಿಯಂತೆ ಹಾಕಿ ಅಂದರು. ಎಲ್ಲರೂ ಹಿಂದಿನದನ್ನೇ ತುಳಿದರು. ಸಿಮೆಂಟಿನ ಮೇಲೆ ಕಪ್ಪು ಗೆರೆ ಎಳೆದುಕೊಂಡು ಹೋಗಿ 17, 18, ಒಬ್ಬ 19 ಮೀಟರಿಗೆ ನಿಂತ. ಟೇಪ್ ಹಿಡಿದವನು ನಾನೇ. ಕಾಂಬಿ ಬ್ರೇಕಿನ ಹುಡುಗರು ಮಾತ್ರ ಸ್ವಲ್ಪ ಮುಂಚೆ ನಿಂತರು.

ಆಮೇಲೆ 20ರ ವೇಗದಿಂದ ಶುರು. ಎರಡೂ ಬ್ರೇಕ್ ಒಟ್ಟಿಗೆ. ಮೂರು ಹುಡುಗರ ಬೆರಳು ಲಿವರ್ ಮೇಲೆ ಹೋಗುತ್ತಲೇ ಇರಲಿಲ್ಲ. ಹೋದರೂ ಬೆಂಕಿ ಮುಟ್ಟಿದ ಹಾಗೆ ವಾಪಸ್ ಬರುತ್ತಿತ್ತು. ಅಪ್ಪನ ಮಾತು ಅಷ್ಟು ಆಳಕ್ಕೆ ಹೋಗಿ ಕೂತಿತ್ತು. ಗುರುಗಳು ಬೈಯಲಿಲ್ಲ. "ಎಮ್ಮೆ ಹಾಲು ಹಿಂಡಿದ್ದೀರಿ ತಾನೆ? ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಜಗ್ಗಿದರೆ ಒದೆಯುತ್ತದೆ. ಮೊದಲು ಮೆತ್ತಗೆ ಹಿಡಿ, ಆಮೇಲೆ ಬಿಗಿ ಮಾಡು" ಅಂದರು. ಆ ಮಾತಿನಿಂದ ಬಾಗಿಲು ತೆರೆದ ಹಾಗಾಯಿತು. ಪಲ್ಟಿ ಹೊಡೆಸುವುದು ಮುಂದಿನ ಬ್ರೇಕ್ ಅಲ್ಲ, ಅದನ್ನು ಒಮ್ಮೆಲೇ ಜಗ್ಗುವುದು, ಹ್ಯಾಂಡಲ್ ತಿರುಗಿಸಿಕೊಂಡು ಜಗ್ಗುವುದು. ಬೈಕ್ ನೆಟ್ಟಗಿರಬೇಕು, ಕಣ್ಣು ನೆಲದ ಮೇಲಲ್ಲ ದೂರದಲ್ಲಿರಬೇಕು, ಮೊದಲು ಮೆತ್ತಗೆ ಆಮೇಲೆ ಬಿಗಿ. 20 ಆಯಿತು, 30 ಆಯಿತು, 40 ಆಯಿತು. ಹತ್ತು ಗಂಟೆಗೆ ಬಿಸಿಲು ಏರುವಷ್ಟರಲ್ಲಿ ಒಬ್ಬೊಬ್ಬರೂ ಮೂವತ್ತು ಸಲದ ಹತ್ತಿರ ನಿಲ್ಲಿಸಿದ್ದರು. ಕೊನೆಯ ಗುರುತುಗಳು 10-11 ಮೀಟರಿನಲ್ಲಿ ಗುಂಪಾಗಿ ಬಿದ್ದಿದ್ದವು. 19 ಮೀಟರಿನ ಹುಡುಗ ತನ್ನ ಮೊದಲ ಗುರುತಿನ ಹತ್ತಿರ ನಡೆದುಕೊಂಡು ಹೋಗಿ, ಅಲ್ಲಿಂದ ಹೊಸ ಗುರುತಿನವರೆಗೆ ಹೆಜ್ಜೆ ಅಳೆದ. ಏನೂ ಮಾತಾಡಲಿಲ್ಲ.

ಅಂಗಡಿಯ ಲೆಕ್ಕ ನೋಡುವ ಹುಡುಗಿ ಸ್ಕೂಟರ್ ತಂದು ನಾನೂ ಕಲಿಯಬಹುದಾ ಅಂದಳು. ಮೊದಲ ಸಲವೇ ಅವಳು ಉಳಿದವರಿಗಿಂತ ಚೆನ್ನಾಗಿ ನಿಲ್ಲಿಸಿದಳು. ಸೈಕಲ್ ಹೊಡೆದು ಬೆಳೆದವಳು, ಸ್ಕೂಟರಿನಲ್ಲೂ ಎರಡೂ ಬ್ರೇಕ್ ಕೈಯಲ್ಲೇ ಇರುತ್ತದೆ. ಮುಂದಿನದು ಮುಟ್ಟಬೇಡ ಅಂತ ಅವಳಿಗೆ ಯಾರೂ ಹೇಳಿರಲೇ ಇಲ್ಲ.

ಎರಡನೇ ಭಾನುವಾರ ಮೂರು ಭಾಗ. ಬೆಳಿಗ್ಗೆ ಕಣದ ಒಂದು ಪಟ್ಟಿಯಲ್ಲಿ ಭತ್ತದ ಕಾಳು ಹರಡಿ, 15-20ರ ವೇಗದಲ್ಲಿ ನೇರ ದಾಟುವುದು. ಕಾಳಿನ ಮೇಲೆ ಬ್ರೇಕ್ ಮುಟ್ಟುವಂತಿಲ್ಲ. ಬ್ರೇಕೆಲ್ಲ ಕಾಳಿಗೆ ಮುಂಚೆ, ಇಲ್ಲವೇ ದಾಟಿದ ಮೇಲೆ. ಆಮೇಲೆ ಇಬ್ಬಿಬ್ಬರಾಗಿ ಗುರುಗಳ ಜೊತೆ ರಸ್ತೆಗೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸಬೇಕು. "ಎಡಕ್ಕೆ ಎಮ್ಮೆ. ಮುಂದೆ ಬಸ್, ಯಾರೋ ಇಳಿಯಬಹುದು. ಕಾಲುವೆ ಸೇತುವೆ, ಆಚೆ ಏನಿದೆ ಕಾಣ್ತಿಲ್ಲ." ಕೇಳಿದರೆ ಮಕ್ಕಳ ಆಟದ ಹಾಗಿದೆ. ಆದರೆ ಬಾಯಿ ಹೇಳಬೇಕಾದರೆ ಕಣ್ಣು ನೋಡಲೇಬೇಕು.

ಮೂರನೇ ಭಾಗ ಸಂಜೆ. ಇದು ನನ್ನ ಒತ್ತಾಯದಿಂದ ಆದದ್ದು. ಮಿಲ್ಲಿನ ಹಿಂದಿನ ಕತ್ತಲ ದಾರಿಯಲ್ಲಿ ಗೋಣಿಚೀಲ ತುಂಬಿದ ಟ್ರೇಲರ್ ಒಂದನ್ನು ನಿಲ್ಲಿಸಿದೆವು. ಹುಡುಗರು ಡಿಮ್ ಹಾಕಿಕೊಂಡು ದೂರದಿಂದ ಬೈಕನ್ನು ತಳ್ಳಿಕೊಂಡೇ ಬರಬೇಕು. ಟ್ರೇಲರ್ ಸ್ಪಷ್ಟವಾಗಿ ಕಂಡ ಜಾಗದಲ್ಲಿ ನಿಲ್ಲಬೇಕು. ಅವನೂ ಬಂದಿದ್ದ, ಬಿದ್ದ ಹುಡುಗ. ಭುಜಕ್ಕೆ ಬೆಲ್ಟ್ ಕಟ್ಟಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ಆರೂ ಜನ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತರು. ಅಳೆದರೆ 26 ಮೀಟರ್.

ಲೆಕ್ಕ ನೆಲದ ಮೇಲೆ ಬರೆದೆವು. ಗಂಟೆಗೆ 60ರಲ್ಲಿ ಬೈಕ್ ಒಂದು ಸೆಕೆಂಡಿಗೆ 17 ಮೀಟರ್ ಹೋಗುತ್ತದೆ. ಕಂಡು, ಅರ್ಥವಾಗಿ, ಕೈ ಆಡಿಸಲು ಒಂದು ಸೆಕೆಂಡ್ ಹೋಯಿತು. ಎರಡೂ ಬ್ರೇಕ್ ಚೆನ್ನಾಗಿ ಹಾಕಿದರೂ ನಿಲ್ಲಲು ಇನ್ನೊಂದು 23 ಮೀಟರ್ ಬೇಕು. ಒಟ್ಟು 40. ಕಾಣುವುದು 26. ಅಂದರೆ 60ರಲ್ಲಿ ಎಂಥ ಕಲಿತ ಸವಾರನೂ ಆ ಟ್ರೇಲರಿಗೆ ಗುದ್ದುತ್ತಾನೆ. 40ರಲ್ಲಿ? ಯೋಚನೆಗೆ 11, ನಿಲ್ಲಲು 10 ಅಂದುಕೊಳ್ಳಿ. 21ಕ್ಕೆ ನಿಂತ. ಹಿಂದಿನ ಬ್ರೇಕ್ ಒಂದೇ ಆದರೆ 11 ಮತ್ತು 18. ಮೂರು ಮೀಟರ್ ಸಾಲಲಿಲ್ಲ. ಬಿದ್ದ ಹುಡುಗ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದ. "ನಾನು 50ರ ಮೇಲೇ ಇದ್ದೆ ಅಣ್ಣ" ಅಂದ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಜನವರಿಯಲ್ಲಿ ಪಲ್ಸರ್ ಹುಡುಗನ ಓಟ ಜೋರಾಯಿತು. "ಈಗ ನನಗೆ ನಿಲ್ಲಿಸೋಕೆ ಬರುತ್ತೆ" ಅನ್ನುವ ಧೈರ್ಯ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2,399 ಹೊಸ ಸವಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಸ್ತೆ ಮೇಲೆಯೇ ತರಬೇತಿ ಕೊಟ್ಟು ನೋಡಿದ್ದಾರೆ. ತರಬೇತಿ ಪಡೆದವರಲ್ಲಿ ಅಪಘಾತ ಕಡಿಮೆಯಾಗಲಿಲ್ಲ. ಆತ್ಮವಿಶ್ವಾಸ ಹೆಚ್ಚಿತು, ವೇಗವಾಗಿ ಓಡಿಸುವುದೂ ಹೆಚ್ಚಿತು. ಇದನ್ನು ನಾನು ಮಾಲೀಕರಿಗೆ ಮೊದಲೇ ಹೇಳಿದ್ದೆ. ಕೋರ್ಸ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ, ಆದರೆ ಹೇಳಲೇಬೇಕಾದ ಮಾತಿದು. ಕೈಗೆ ಕಲಿಸುವುದು ಸುಲಭ. ತಲೆಗೆ ಕಲಿಸುವುದು ಕಷ್ಟ. ಆ ಹುಡುಗನನ್ನು ಕರೆದು ಮತ್ತೆ ಅದೇ ಟ್ರೇಲರ್ ದಾರಿಯಲ್ಲಿ ನಡೆಸಿದೆವು, ಈ ಸಲ ಒಬ್ಬನನ್ನೇ. ನಾನು ಅವನ ಜೊತೆ ಎರಡು ಸಲ ಕ್ಯಾಂಪಿಗೆ ಹೋಗಿ ಬಂದೆ. ಈಗ ಸ್ವಲ್ಪ ತಣ್ಣಗಾಗಿದ್ದಾನೆ. ಪೂರ್ತಿ ಅಲ್ಲ.

ಮಾಲೀಕರ ಹತ್ತಿರವೂ ಮಾತಾಡಬೇಕಾಯಿತು. ಹುಡುಗರು ಕತ್ತಲಲ್ಲಿ ಓಡುತ್ತಿದ್ದದ್ದು ಯಾಕೆ? ರೈತರು ಮನೆಗೆ ಬರುವುದು ಸಂಜೆ, ವಸೂಲಿಯೂ ಸಂಜೆ. ಅದನ್ನು ಬೆಳಿಗ್ಗೆ ಏಳರಿಂದ ಹತ್ತಕ್ಕೆ ಬದಲಾಯಿಸಲು ಆಗುತ್ತಾ ಅಂದೆ. ಒಂದು ದಿನ ಯೋಚಿಸಿ ಒಪ್ಪಿದರು. ಸಂಜೆ ಆರರ ಮೇಲೆ ಹೊಸ ಕ್ಯಾಂಪಿಗೆ ಹೋಗುವಂತಿಲ್ಲ ಅಂತ ಹುಡುಗರಿಗೆ ಹೇಳಿದರು. ವಸೂಲಿ ಮೊದಲ ತಿಂಗಳು ಸ್ವಲ್ಪ ಹಿಂದೆ ಬಿತ್ತು, ಆಮೇಲೆ ಸರಿಹೋಯಿತು. ಇನ್ನೊಂದು ಕೆಲಸವನ್ನು ಅವರೇ ಯೋಚಿಸಿ ಮಾಡಿದರು. ಕೆಂಪು ರಿಫ್ಲೆಕ್ಟರ್ ಟೇಪಿನ ರೋಲುಗಳನ್ನು ತರಿಸಿ ಅಂಗಡಿಯಲ್ಲಿಟ್ಟರು. ಗೊಬ್ಬರ ಒಯ್ಯಲು ಟ್ರೇಲರ್ ಬಂದರೆ, ಚೀಲ ಏರಿಸುವ ಹೊತ್ತಿನಲ್ಲಿ ಹುಡುಗರೇ ಹಿಂದಿನ ಹಲಗೆ ಒರೆಸಿ ಟೇಪ್ ಅಂಟಿಸುತ್ತಾರೆ. ದುಡ್ಡು ಕೇಳುವುದಿಲ್ಲ. ನಾನು ಲೆಕ್ಕ ಹಾಕಿದಂತೆ 20,000ದಲ್ಲಿ ಅತಿ ಹೆಚ್ಚು ಜೀವ ಕಾಯುವ ಖರ್ಚು ಅದೇ ಇರಬಹುದು.

ಏಪ್ರಿಲ್ ಕೊನೆಗೆ ಎರಡನೇ ಬೆಳೆಯ ಕೊಯ್ಲು ಶುರುವಾಗಿತ್ತು. ರಸ್ತೆ ಮೇಲೆ ಮತ್ತೆ ಭತ್ತ ಹರಡಿದ್ದರು. ಕಾಲರ್ ಬೋನ್ ಕೂಡಿಕೊಂಡು ಆ ಹುಡುಗ ಫೆಬ್ರವರಿಯಿಂದಲೇ ಕೆಲಸಕ್ಕೆ ಬರುತ್ತಿದ್ದ. ಅವನಿಗೆ ಕಣದ ತರಬೇತಿ ಆಮೇಲೆ ಬೇರೆಯಾಗಿ ಕೊಡಿಸಿದ್ದೆವು. ಒಂದು ಮಧ್ಯಾಹ್ನ ಬಂದು, "ಅಣ್ಣ, ಮುಂದಿನ ಬ್ರೇಕ್ ಯಾಕೋ ಸಡಿಲ ಆಗಿದೆ, ನೋಡು" ಅಂದ. ಚಕ್ರ ಬಿಚ್ಚಿ ಡ್ರಮ್ ತೆಗೆದೆ. ಶೂ ಸಾಣೆ ಹಿಡಿದ ಹಾಗೆ ಸಮವಾಗಿ, ಅರ್ಧಕ್ಕೂ ಹೆಚ್ಚು ಸವೆದಿತ್ತು. ಅವನನ್ನು ಹತ್ತಿರ ಕರೆದು ತೋರಿಸಿದೆ. ಬೆರಳಿನಿಂದ ಸವರಿ ನೋಡಿದ. ಹೊಸ ಶೂ ಹಾಕಿ, ಕೇಬಲ್ ಬಿಗಿ ಮಾಡಿ, ಬಿಲ್ ಬುಕ್ಕಿನಲ್ಲಿ ಆ ಬೈಕಿನ ಹೆಸರಿಗೆ ಮೊದಲ ಸಲ ಬರೆದೆ: ಮುಂದಿನ ಬ್ರೇಕ್ ಶೂ, ಒಂದು ಜೊತೆ.